ಹೆತ್ತಪ್ಪನ ಕಾಲಂ

"ಮೊದಲು ಇವನ ಅಪ್ಪ ಯಾರು ಅಂತ ಇವನ ಆ ಕಂಪ್ಯೂಟರ್ ಡಬ್ಬೀನೇ ಕೇಳಿ. ಅದು ಹೇಳಿದ ಮೇಲೆ ಮಾಂಸ ಹಾಕೋಣಂತೆ," ಎಂದ ಜುಮಾದಿಲ್ ಮುದುಕ.

ಹರಿವಾಣ ಹಿಡಿದು ಕುಬಾತನ ಮುಂದೆ ಬಾಗಿದ್ದವನ ಕೈ ಹಾಗೇ ನಿಂತಿತು. ನಗು ಒಂದೇ ಸಲಕ್ಕೆ ಏಳಲಿಲ್ಲ. ಮೊದಲು ಗೋಡೆಯ ಕಡೆ ಕೂತ ಹಿರಿಯರಲ್ಲಿ ಯಾರೋ ಕೆಮ್ಮಿದರು, ಆ ಕೆಮ್ಮು ನಗುವಾಯಿತು, ಆಮೇಲೆ ತಗ್ಗು ಮೇಜಿನ ಸುತ್ತ ಹರಡಿ ಬಾಗಿಲವರೆಗೂ ಹೋಯಿತು. ಕುಬಾತ್ ಹರಿವಾಣವನ್ನೇ ನೋಡುತ್ತಿದ್ದ. ವಯಸ್ಸಿಗೆ, ಸಂಬಂಧಕ್ಕೆ ತಕ್ಕಂತೆ ಪಾಲು ಮಾಡಿದ ಮೂಳೆಗಳು. ತನ್ನ ಪಾಲಿನದರ ಅಂಚಿನಲ್ಲಿ ಕೊಬ್ಬು ಆಗಲೇ ಬಿಳಿಚಿಕೊಂಡು ಗಟ್ಟಿಯಾಗುತ್ತಿತ್ತು. ನಗಲಿ, ನಕ್ಕು ಸಾಯಲಿ. ಜುಮಾದಿಲ್ ನಕ್ಕರೆ ಏನಂತೆ, ಜಿಲ್ಲೆಯ ಅರ್ಧ ಕುದುರೆ ಅವನವು, ನಗುವುದೂ ಅವನದೇ. ಹೆಣ್ಣಿನ ಕಡೆಯ ಬೇಶೆನ್ ನಕ್ಕರೂ ಸರಿ, ಅವನು ಹೊರಗಿನವನು. ಆದರೆ ಎದುರಿಗೆ ಕೂತ ಶರ್ಷೆನಣ್ಣನ ಹಲ್ಲೂ ಕಂಡಿತು. ಕಂಡದ್ದು ಅರೆಗಳಿಗೆ, ಆಮೇಲೆ ಅವನು ಚಹಾದ ಬೋಗುಣಿಗೆ ಮುಖ ಇಳಿಸಿದ. ಆದರೂ ಕಂಡಿತು. ಇಡೀ ಕೋಣೆಯಲ್ಲಿ ಆ ಮಾತಿಗೆ ನಗಬಾರದಿದ್ದವನು ಯಾರಾದರೂ ಇದ್ದರೆ ಅವನೊಬ್ಬನೇ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಅದಕ್ಕೇ ನಕ್ಕರು.

"ಹಿರಿಯರು ತಮಾಷೆಗೆ ಹೇಳ್ತಾರಪ್ಪಾ," ಎಂದು ಪಕ್ಕದಲ್ಲಿ ಕೂತ ಎಸೆನ್‌ಗುಲ್ ಮೇಷ್ಟ್ರು ಅವನ ಮೊಣಕಾಲು ಒತ್ತಿದರು. ಮೇಷ್ಟ್ರ ಕೈ ಯಾವಾಗಲೂ ಒದ್ದೆ. ಶಾಲೆಯಲ್ಲೂ ಹೀಗೇ ಇತ್ತು, ಬೆನ್ನು ತಟ್ಟಿದರೆ ಅಂಗಿಗೆ ತೇವ ಹತ್ತುತ್ತಿತ್ತು. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಏಳು ತಲೆಮಾರಿನ ತಂದೆಯರ ಹೆಸರು ಹೇಳಿಸುತ್ತಿದ್ದರು. ಕುಬಾತ್ ಎದ್ದು, ಎದೆಯುಬ್ಬಿಸಿ, ತುರ್ದುಮಾತ್ ಎಂದು ಶುರುಮಾಡಿ ಗಟಗಟನೆ ಏಳೂ ಹೇಳಿ ಮುಗಿಸಿದ್ದ. ಹಿಂದಿನ ಬೆಂಚಿನಿಂದ ಒಂದು ಪಿಸುಮಾತು ಬಂತು: "ಮೊದಲನೆಯವನನ್ನೇ ಬಿಟ್ಟ ನೋಡ್ರೋ." ಮೇಷ್ಟ್ರಿಗೆ ಕೇಳಿಸಿತ್ತು. ಕಿಟಕಿಯಾಚೆ ನೋಡುತ್ತಾ, "ಸರಿಯಾಗಿದೆ, ಕೂತ್ಕೋ," ಅಂದರು. ಸರಿಯಾಗಿದ್ದರೆ ಕಿಟಕಿ ಯಾಕೆ ನೋಡಬೇಕಿತ್ತು? ಪಿಸುಗುಟ್ಟಿದವನ ಮೂಗು ಅವತ್ತು ಒಡೆಯಿತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟದ್ದಕ್ಕೆ ಮನೆಯಲ್ಲಿ ಹೇಳಿದ ಕಾರಣ ಕುರಿ ಮಂದೆ. ಇರಲಿ, ಕುರಿಗಳೇನು ಎದುರುತ್ತರ ಕೊಡುವುದಿಲ್ಲ. ಆಮೇಲೆ ನಾರಿನ್ ಪೇಟೆಯ ಮೊಬೈಲ್ ರಿಪೇರಿ ಅಂಗಡಿ, ಅಲ್ಲಿ ಯಾರೋ ಬಿಟ್ಟುಹೋದ ಕಂಪ್ಯೂಟರು, ಅದರ ತುಂಬ ರಷ್ಯನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಪಾಠಗಳು. ಪಿಎಚ್‌ಪಿ ಎಂಬ ಆ ಕಂಪ್ಯೂಟರ್ ಭಾಷೆ ಅವನಿಗೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಅದು ಕಿಟಕಿಯಾಚೆ ನೋಡುವುದಿಲ್ಲ. ತಪ್ಪಿದ್ದರೆ ಇಂಥ ಕಡತದ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಮುಖಕ್ಕೇ ಹೇಳುತ್ತದೆ.

ಅದೇ ಮೇಷ್ಟ್ರು ನಿವೃತ್ತರಾಗಿ, ಕುಲದ ವಂಶಾವಳಿಯನ್ನು ಇಂಟರ್ನೆಟ್ಟಿಗೆ ಹಾಕುವ ಸಂಘ ಕಟ್ಟಿ, ಅಂಗಡಿಗೆ ಬಂದು ಅವನನ್ನು ಕರೆದರು. ಯಾರು ಬೇಕಾದರೂ ತೆರೆದು, ತಿದ್ದಿ, ತಮ್ಮ ಮನೆಯವರ ಪುಟ ಸೇರಿಸಬಹುದಾದ ವಿಕಿ. ಅದರ ಎಂಜಿನ್ ಪುಕ್ಕಟೆ ಸಿಗುತ್ತದೆ, ಲೋಕದವರೆಲ್ಲ ಬಳಸುತ್ತಾರೆ. ಆದರೆ ಲೋಕದವರಿಗೆ ಏಳು ತಂದೆಯರ ಗೊಡವೆ ಏನಿದೆ? ಆ ಎಂಜಿನ್‌ಗೆ ದಪ್ಪಕ್ಷರ ಗೊತ್ತು, ಪಟ್ಟಿ ಗೊತ್ತು, ಚಿತ್ರ ಗೊತ್ತು. ಒಬ್ಬ ಹುಡುಗನ ಹೆಸರು, ಒಬ್ಬ ಹುಡುಗಿಯ ಹೆಸರು ಅಕ್ಕಪಕ್ಕ ಇಟ್ಟರೆ ಇವರು ಮದುವೆಯಾಗಬಹುದೋ ಬಾರದೋ ಎಂದು ಹೇಳಲು ಬರುವುದಿಲ್ಲ. ಅದನ್ನು ಕಲಿಸಿದವನು ಕುಬಾತ್. ಎಂಜಿನ್‌ನ ಒಳಗೆ ಕೈಹಾಕುವ ಹಾಗಿಲ್ಲ, ಪಕ್ಕದಲ್ಲಿ ತನ್ನದೊಂದು ಕಡತ ಇಟ್ಟು, ಪುಟದಲ್ಲಿ ಈ ಪದ ಕಂಡರೆ ನನ್ನ ಫಂಕ್ಷನ್‌ನ, ನಾನು ಬರೆದ ಲೆಕ್ಕದ ಸಾಲುಗಳನ್ನ, ಕರೆ ಎಂದು ಅದಕ್ಕೆ ಮೊದಲೇ ಹೇಳಿಡಬೇಕು. ಆಮೇಲೆ ಫಂಕ್ಷನ್ ಹುಡುಗನ ಪುಟದಿಂದ ತಂದೆಯ ಪುಟಕ್ಕೆ, ಅಲ್ಲಿಂದ ಅವನ ತಂದೆಯ ಪುಟಕ್ಕೆ ಏಳು ಮೆಟ್ಟಿಲು ಹತ್ತುತ್ತದೆ, ಹುಡುಗಿಯ ಕಡೆಯಿಂದಲೂ ಹತ್ತುತ್ತದೆ. ಆ ಏಳರೊಳಗೆ ಎರಡೂ ಕಡೆ ಒಬ್ಬನೇ ಎದುರಾದರೆ ಕೆಂಪು, ಮದುವೆ ಕೂಡದು, ಇಲ್ಲದಿದ್ದರೆ ಹಸಿರು. ಮೊದಲ ಸಲ ಅದು ಹಸಿರು ತೋರಿಸಿದ ದಿನ ಅವನು ಅಂಗಡಿಯ ಹಿಂದೆ ಹೋಗಿ ಗೋಡೆಗೆ ಒದ್ದಿದ್ದ. ಖುಷಿಗೆ ಬೇರೇನು ಮಾಡಬೇಕೆಂದು ತಿಳಿದಿರಲಿಲ್ಲ.

ಈಗ ಅದೇ ಕೆಂಪು ಈ ಮನೆಯೊಳಗೆ ಬಂದು ಕೂತಿದೆ. ಜುಮಾದಿಲನ ಕಿರಿಮಗ ಎಲ್ದಿಯಾರ್, ಬೇಶೆನನ ಅಣ್ಣನ ಮಗಳು ಬೆರ್ಮೆತ್. ಹುಡುಗಿಯ ಕಿವಿಗೆ ಓಲೆ ಇಡಲು ಗಂಡಿನ ಕಡೆಯವರು ಯಾವ ದಿನ ಬರಬೇಕೆಂದು ಗೊತ್ತುಮಾಡುವುದಕ್ಕೆ ಇವತ್ತಿನ ಊಟ. ಆದರೆ ಅಷ್ಟರಲ್ಲಿ ಯಾರೋ ಎರಡು ಹೆಸರೂ ವಿಕಿಗೆ ಹಾಕಿ ನೋಡಿದ್ದರು. ಏಳನೆಯ ಮೆಟ್ಟಿಲಲ್ಲಿ ಇಬ್ಬರಿಗೂ ಒಬ್ಬನೇ ಅಜ್ಜ. ಆ ಕೆಂಪು ಪಟ್ಟಿಯ ಚಿತ್ರ ಊರಿನವರ ವಾಟ್ಸಾಪಿನಲ್ಲೆಲ್ಲ ಓಡಾಡಿತು. ಬೇಶೆನ್ ಸಭ್ಯ ಮನುಷ್ಯ, ಟೋಪಿ ತೆಗೆಯದೆ ಊಟಕ್ಕೆ ಕೂತು, ಒಂದೇ ಮಾತು ಹೇಳಿದ್ದ: "ನಮಗೇನೂ ಸಂಶಯ ಇಲ್ಲ ಬೀಗರೇ. ಆದ್ರೆ ಊರು ಕೆಂಪು ನೋಡಿದೆ. ಹಸಿರನ್ನೂ ನೋಡ್ಲಿ."

ನಿಜವಾಗಿ ಹಸಿರೇ. ಅದೂ ಎಲ್ಲರಿಗೂ ಗೊತ್ತು. ಎಲ್ದಿಯಾರ್ ಜುಮಾದಿಲನ ಮಗನಲ್ಲ, ಹಿರಿಮಗ ಮಿರ್ಲಾನನ ಚೊಚ್ಚಲು. ಚೊಚ್ಚಲನ್ನು ಅಜ್ಜ ಅಜ್ಜಿ ತಮ್ಮ ಮಡಿಲಿಗೆ ಹಾಕಿಕೊಂಡು ಬೆಳೆಸಿದರೆ ಅದು ಅವರದೇ ಮಗು. ಅಜ್ಜನನ್ನು ಅಪ್ಪಾ ಎನ್ನುತ್ತದೆ, ಹೆತ್ತವನನ್ನು ಅಣ್ಣಾ ಎನ್ನುತ್ತದೆ. ಹೆತ್ತವಳು ಅತ್ತಿಗೆ. ಯಾರೂ ಬಚ್ಚಿಡುವುದಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಹಿಂದಿನ ಕಾಲದಲ್ಲಾದರೆ ಇಬ್ಬರು ಮುದುಕರು ಚಹಾ ಕುಡಿಯುತ್ತಾ ಮನಸ್ಸಿನಲ್ಲೇ ಒಂದು ಮೆಟ್ಟಿಲು ಕೂಡಿಸಿಕೊಂಡು ಏಳುತ್ತಿದ್ದರು, ಆ ಏಳನೆಯ ಅಜ್ಜ ಹುಡುಗನಿಗೆ ಎಂಟನೆಯವನಾಗುತ್ತಿದ್ದ, ಮದುವೆ ನಡೆಯುತ್ತಿತ್ತು. ಎಲ್ದಿಯಾರನ ಪುಟದಲ್ಲಿ ತಂದೆ ಜುಮಾದಿಲ್ ಎಂದಿದೆ. ಫಂಕ್ಷನ್ ಚಹಾ ಕುಡಿಯುವುದಿಲ್ಲ.

"ಒಂದು ಸಾಲಿನ ಕೆಲಸ ಅಂತೆ," ಎಂದ ಜುಮಾದಿಲ್. ಹರಿವಾಣ ಈಗ ಮುಂದಕ್ಕೆ ಹೋಗಿತ್ತು, ಕುಬಾತನ ತಟ್ಟೆ ಬರಿದಾಗಿಯೇ ಇತ್ತು. "ಮೇಷ್ಟ್ರು ಹೇಳಿದ್ರು. ಎಲ್ದಿಯಾರ್ ಅಂತ ಹೆಸರು ಬಂದ್ರೆ ಹಸಿರು ತೋರ್ಸು ಅಂತ ಬರ್ದುಬಿಡು. ಇಲ್ಲೇ ಬರಿ. ಬೀಗರು ನೋಡ್ಲಿ."

"ಹಾಗೆ ಬರಿಯಕ್ಕಾಗಲ್ಲ ಅಜ್ಜ."

"ಆಗಲ್ವೋ, ನಿಂಗೆ ಬರಲ್ವೋ?"

ಮತ್ತೆ ನಗು. ಬರುತ್ತದೆ. ಕಣ್ಣು ಮುಚ್ಚಿಕೊಂಡು ಬರೆಯಬಹುದು. ಹೆಸರು ಇದಾದರೆ ಲೆಕ್ಕಕ್ಕೆ ಹೋಗಬೇಡ, ಹಸಿರು ಎನ್ನು. ಇವತ್ತು ಎಲ್ದಿಯಾರ್, ನಾಳೆ ಜುಮಾದಿಲನ ಅಳಿಯನ ತಮ್ಮ, ಆಮೇಲೆ ಕುದುರೆ ಇದ್ದವರಿಗೆಲ್ಲ ಹಸಿರು, ಇಲ್ಲದವರಿಗೆ ಲೆಕ್ಕ. "ಬರುತ್ತೆ," ಎಂದ ಕುಬಾತ್, ದನಿ ಅವನೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಬರಿಯಲ್ಲ. ಒಬ್ಬರಿಗೆ ಸುಳ್ಳು ಹೇಳೋ ಫಂಕ್ಷನ್‌ನ ಮತ್ಯಾರು ನಂಬ್ತಾರೆ? ಹೆತ್ತೋರ ಹೆಸರು ಬರ್ಸಿ, ಅದೇ ಹಸಿರಾಗುತ್ತೆ."

ಬಾಗಿಲ ಬಳಿ ಕೂತು ಬಂದವರ ಕೈಗೆ ನೀರು ಹಾಕುತ್ತಿದ್ದ ಮಿರ್ಲಾನ್ ಹೂಜಿಯನ್ನು ನೆಲಕ್ಕಿಟ್ಟ. ನಡುವಯಸ್ಸು ದಾಟಿದ ಗಂಡಸು, ಸ್ವಂತ ಮಗನ ಮದುವೆ ಮಾತಿನಲ್ಲಿ ಬಾಗಿಲ ಬಳಿ ಕೂತಿದ್ದ.

"ಅವನು ನನ್ನ ಮಗ," ಎಂದ ಜುಮಾದಿಲ್ ನಿಧಾನವಾಗಿ. "ಹುಟ್ಟಿದ ದಿನ ನನ್ನ ತುಪ್ಪಳದ ಕೋಟಿನ ಸೆರಗಲ್ಲಿ ಸುತ್ಕೊಂಡು ಬಂದೆ. ಅವತ್ತಿಂದ ಇವತ್ತಿನವರೆಗೆ ನನ್ನೆದುರಿಗೆ ಯಾವನೂ ಬೇರೆ ಮಾತಾಡಿಲ್ಲ. ಒಂಬತ್ತನೇ ಕ್ಲಾಸು ಪಾಸಾಗದವನು ನನಗೆ ಹೆತ್ತೋರು ಸಾಕಿದೋರು ಅಂತ ಪಾಠ ಹೇಳಕ್ಕೆ ಬಂದ."

"ತಮ್ಮಾ," ಎಂದ ಶರ್ಷೆನ್. ಆ ಕೋಣೆಯಲ್ಲಿ ಅವನ ಮೊದಲ ಮಾತು. "ಒಂದು ಸಾಲು ತಾನೇ. ಬರ್ದುಬಿಡು, ಹೋಗೋಣ."

ತಮ್ಮಾ. ಎಷ್ಟು ಸಲೀಸಾಗಿ ಬರುತ್ತದೆ ಅವನ ಬಾಯಿಗೆ. ಶರ್ಷೆನಣ್ಣನ ಮನೆ ಅದೇ ಬೀದಿಯಲ್ಲಿ, ಬೇಲಿಗೆ ನೀಲಿ ಬಣ್ಣ. ಅಲ್ಲಿನ ಮಕ್ಕಳು, ಕುಬಾತನದೇ ಮೂಗು ಕುಬಾತನದೇ ಹುಬ್ಬಿನ ಮಕ್ಕಳು, ಓಡಿ ಬಂದು ಕಾಲಿಗೆ ತೆಕ್ಕೆಬಿದ್ದು ಚಿಕ್ಕಪ್ಪಾ ಎನ್ನುತ್ತವೆ. ಅತ್ತಿಗೆ ರೊಟ್ಟಿಯ ಮೇಲೆ ಕೆನೆ ಹಚ್ಚುವಾಗ ಅವನದಕ್ಕೆ ಒಂದು ಪದರ ಹೆಚ್ಚು ಹಚ್ಚುತ್ತಾಳೆ, ಹಚ್ಚಿ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಶರ್ಷೆನನ ಅಪ್ಪ ತುರ್ದುಮಾತ್, ಮಗನ ಚೊಚ್ಚಲನ್ನು ತನ್ನ ಮಡಿಲಿಗೆ ಹಾಕಿಕೊಂಡವನು, ಕೆಟ್ಟವನಾಗಿದ್ದರೆ ಸುಲಭವಿತ್ತು. ಮುದುಕ ಅವನನ್ನು ಕುದುರೆಯ ಮೇಲೆ ತನ್ನ ಮುಂದೆ ಕೂರಿಸಿಕೊಂಡು ಬೇಸಗೆಯ ಹುಲ್ಲುಗಾವಲಿಗೆ ಒಯ್ಯುತ್ತಿದ್ದ, ಗಡ್ಡ ಕುತ್ತಿಗೆಗೆ ಚುಚ್ಚುತ್ತಿತ್ತು, ಉಸಿರಿಗೆ ನಶ್ಯದ ವಾಸನೆ. ನನ್ನ ಮಗ, ನನ್ನ ಮಗ ಎಂದು ದಾರಿಯಲ್ಲಿ ಕಂಡವರಿಗೆಲ್ಲ ತೋರಿಸುತ್ತಿದ್ದ. ಹೋದ ಚಳಿಗಾಲ ಅವನು ಸತ್ತಾಗ ಅಂಗಳದಲ್ಲಿ ಗುಡಾರ ಹಾಕಿ ಹೆಣ ಮಲಗಿಸಿದರು, ಗಂಡುಮಕ್ಕಳು ಸೊಂಟಕ್ಕೆ ಬಟ್ಟೆ ಬಿಗಿದು ಕೋಲಿಗೆ ಆತು ಗುಡಾರದ ಹೊರಗೆ ನಿಂತು ಅಳಬೇಕು. ಶರ್ಷೆನ್, ಅವನ ಪಕ್ಕ ಕುಬಾತ್. ಇಬ್ಬರೂ ಒಂದೇ ಪದ ಕೂಗಿ ಅಳುತ್ತಿದ್ದರು: ಅಪ್ಪಾ, ನನ್ನಪ್ಪಾ. ಬಂದವರು ಶರ್ಷೆನನನ್ನು ತಬ್ಬಿ, ಆಮೇಲೆ ಇವನನ್ನು ತಬ್ಬಿ ಮುಂದೆ ಹೋಗುತ್ತಿದ್ದರು. ಅಳುವಿನ ನಡುವೆ ಒಂದು ಸಲ ಕುಬಾತ್ ತಲೆ ತಿರುಗಿಸಿ ಪಕ್ಕಕ್ಕೆ ನೋಡಿದ, ಹಿಮಕ್ಕೆ ಕೆಂಪಾದ ಶರ್ಷೆನನ ಕಿವಿ, ಅದೇ ತನ್ನ ಕಿವಿ. ಇವನು ಸತ್ತಾಗ ನಾನು ಎಲ್ಲಿ ನಿಲ್ಲಬೇಕು, ಏನೆಂದು ಕೂಗಿ ಅಳಬೇಕು ಎಂಬ ಯೋಚನೆ ಬಂತು. ಹೆಣ ಮಣ್ಣಿಗೆ ಹೋಗುವ ಮೊದಲೇ ಬಂದ ಆ ಯೋಚನೆಗೆ ನಾಚಿ ಅವನು ಇನ್ನೂ ಜೋರಾಗಿ ಅತ್ತಿದ್ದ.

ಫಂಕ್ಷನ್ ಬರೆದ ಮೇಲೆ ಮೊದಲು ಪರೀಕ್ಷೆ ಮಾಡಿದ್ದೂ ತನ್ನ ಮೇಲೆಯೇ. ತನ್ನ ಹೆಸರು, ಶರ್ಷೆನನ ಮಗಳ ಹೆಸರು. ಇಬ್ಬರಿಗೂ ಸಿಕ್ಕವನು ತುರ್ದುಮಾತ್: ಅವಳಿಗೆ ಎರಡನೆಯ ಮೆಟ್ಟಿಲು, ತನಗೆ ಮೊದಲನೆಯದು. ಒಂದು ಕೊಂಡಿಯೂ ತಪ್ಪಿರಲಿಲ್ಲ. ಫಂಕ್ಷನ್ ಒಂದೂ ತಪ್ಪು ಮಾಡದೆ ಸುಳ್ಳು ಹೇಳಿತ್ತು. ಆಗಲೇ ಅವನು ಹೆತ್ತಪ್ಪ ಅಂತ ಇನ್ನೊಂದು ಕಾಲಂ ಮಾಡಿದ್ದ. ಅದು ತುಂಬಿದ್ದರೆ ಅದನ್ನು ಹಿಡಿದು ಹತ್ತು, ಖಾಲಿಯಿದ್ದರೆ ತಂದೆಯನ್ನು ಹಿಡಿ. ಮೇಷ್ಟ್ರು ನೋಡಿ ಬೆವೆತುಹೋದರು. "ತೆಗಿ ತೆಗಿ, ಮನೆಮನೆಗೂ ಬೆಂಕಿ ಬೀಳುತ್ತೆ." ಕುಬಾತ್ ವಾದ ಮಾಡಲಿಲ್ಲ. ಸಾಲುಗಳ ಮುಂದೆ ಎರಡೆರಡು ಓರೆಗೆರೆ ಎಳೆದು ಅವನ್ನು ಮಲಗಿಸಿಬಿಟ್ಟ. ಓರೆಗೆರೆ ಇರುವ ಸಾಲನ್ನು ಯಂತ್ರ ಓದುವುದಿಲ್ಲ. ಮೇಷ್ಟ್ರನ್ನು ಹೇಡಿ ಎಂದು ಬೈಯುತ್ತಾ ಮನೆಗೆ ಹೋದ. ಆದರೆ ಒಳಗೆಲ್ಲೋ ಹಾಯೆನಿಸಿತ್ತು, ಯಾಕೆಂದರೆ ಆ ಕಾಲಂ ಇದ್ದರೆ ಮೊದಲು ತುಂಬಬೇಕಾದವನು ತಾನೇ. ಜುಮಾದಿಲನ ಈ ಕೆಂಪು ಎಲ್ಲಿಂದ ಬಂತೆಂದು ಇಡೀ ಕೋಣೆಯಲ್ಲಿ ಸರಿಯಾಗಿ ಗೊತ್ತಿದ್ದವನು ಕುಬಾತ್ ಮಾತ್ರ. ಅದು ಅವನದೇ ಪುಕ್ಕಲುತನದ ಬಣ್ಣ. ಆ ತಿಳಿವಳಿಕೆ ಅವನಿಗೆ ಈಗ ಜುಮಾದಿಲನ ಮಾತಿಗಿಂತ ಹೆಚ್ಚು ಉರಿಯಿತು.

ಚೀಲದಿಂದ ಲ್ಯಾಪ್‌ಟಾಪ್ ತೆಗೆದ. "ಹಾಗೆ ಬಾ ದಾರಿಗೆ," ಎಂದರು ಯಾರೋ. ಬೋಗುಣಿಗಳನ್ನು ಸರಿಸಿ ಜಾಗ ಮಾಡಿಕೊಟ್ಟರು, ಮುರುಕು ರೊಟ್ಟಿಯನ್ನು ಒಬ್ಬ ಮುದುಕ ಗೌರವದಿಂದ ಎತ್ತಿ ಬೇರೆಡೆ ಇಟ್ಟ. ಫೋನಿನಿಂದ ಇಂಟರ್ನೆಟ್ ಕೊಟ್ಟು ಕಡತ ತೆರೆದ. ಮಲಗಿಸಿದ ಸಾಲುಗಳು ಬೂದುಬಣ್ಣದಲ್ಲಿ ಹಾಗೇ ಇದ್ದವು. ಒಂದೊಂದರ ಮುಂದಿನ ಓರೆಗೆರೆಗಳನ್ನೂ ಅಳಿಸಿದ. ಅಳಿಸಿದಂತೆ ಸಾಲುಗಳಿಗೆ ಬಣ್ಣ ಬಂತು. ಎಸೆನ್‌ಗುಲ್ ಮೇಷ್ಟ್ರಿಗೆ ಪಿಎಚ್‌ಪಿ ಬರುವುದಿಲ್ಲ, ಆದರೆ ಆ ಪದ ಓದಲು ಬರುತ್ತದೆ. "ಕುಬಾತ್, ಬೇಡ," ಎಂದು ಉಸಿರಿನಲ್ಲೇ ಅಂದರು. ಅವನು ಕಡತವನ್ನು ಸರ್ವರಿಗೆ ಏರಿಸಿ ಒಂದು ಪುಟ ತೆರೆದ. ಎಲ್ದಿಯಾರನದ್ದಲ್ಲ. ಅವನ ಅಪ್ಪ ಯಾರು ಎಂದು ಬರೆಯಲು ತಾನು ಯಾರು? ತನ್ನದೇ ಪುಟ: ಕುಬಾತ್, ತಂದೆ ತುರ್ದುಮಾತ್. ಅದನ್ನು ಮುಟ್ಟಲಿಲ್ಲ. ಕೆಳಗಿನ ಖಾಲಿ ಕಾಲಂನಲ್ಲಿ ಶರ್ಷೆನ್ ಎಂದು ಹೊಡೆದ. ಒಂದು ಅಕ್ಷರ ಎರಡು ಸಲ ಬಿತ್ತು, ಅಳಿಸಿ ಮತ್ತೆ ಹೊಡೆದು ಉಳಿಸಿದ. ಪರದೆಯನ್ನು ಮೇಜಿನ ಕಡೆ ತಿರುಗಿಸಿದ.

"ಅಜ್ಜ, ನನ್ನ ಅಪ್ಪ ಯಾರು ಅಂತ ಡಬ್ಬೀನ ಕೇಳಿ ಅಂದ್ರಲ್ಲ. ಕೇಳಿ."

ಬೇಶೆನ್ ಕನ್ನಡಕ ಏರಿಸಿ, ಫಂಕ್ಷನ್ ಪುಟದಲ್ಲಿ ತೋರಿಸುವ ಏಳು ತಂದೆಯರ ಪಟ್ಟಿಯ ಮೇಲೆ ಬಾಗಿದ. "ಇಲ್ಲಿ ತುರ್ದುಮಾತ್ ಅಂತಲೇ ಶುರುವಾಗುತ್ತಲ್ಲಪ್ಪಾ. ಏನೂ ಬದಲಾಗಿಲ್ಲ."

ಹೋ ಎಂದು ನಕ್ಕರು. "ಡಬ್ಬಿಗೂ ಗೊತ್ತಿಲ್ವಂತೆ!" ಎಂದ ಒಬ್ಬ. ಕುಬಾತನ ಕಿವಿ ಬಿಸಿಯಾಯಿತು. ಎಂಜಿನ್ ಹಳೆಯ ಪ್ರತಿಯನ್ನೇ ಎತ್ತಿಟ್ಟುಕೊಂಡು ಅದನ್ನೇ ತೋರಿಸುತ್ತಿತ್ತು, ಹೊಸದಾಗಿ ಲೆಕ್ಕ ಹಾಕುವ ಗೋಜಿಗೇ ಹೋಗಿರಲಿಲ್ಲ. ಪುಟದ ವಿಳಾಸದ ಕೊನೆಗೆ ಒಂದು ಪದ ಸೇರಿಸಿದರೆ ಹಳೆಯದನ್ನು ಬಿಸಾಡುತ್ತದೆ. ಸೇರಿಸಿದ. ಪರದೆ ಬೆಳ್ಳಗಾಯಿತು. ಫೋನಿನ ಸಿಗ್ನಲ್ ಒಂದು ಗೆರೆಗೆ ಇಳಿದಿತ್ತು. ಆ ಬಿಳುಪಿನ ಮುಂದೆ ಎಲ್ಲರೂ ಕಾದರು. ಶರ್ಷೆನ್ ಕೂಡ ಬೋಗುಣಿಯಿಂದ ಮುಖವೆತ್ತಿ ಕಾದ. ಆಮೇಲೆ ಮೇಲಿನಿಂದ ಒಂದೊಂದೇ ಹೆಸರು ಬಂತು. ಶರ್ಷೆನ್. ಅವನ ಕೆಳಗೆ ತುರ್ದುಮಾತ್. ಉಳಿದವರೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದರು. ಎಳೆಯನಾಗಿದ್ದಾಗಿನಿಂದ ಬಾಯಿಪಾಠವಿದ್ದ ಏಳನೆಯವನು ಅಂಚಿನಿಂದ ಜಾರಿ ಕಾಣೆಯಾದ.

ಈ ಸಲ ಯಾರೂ ನಗಲಿಲ್ಲ. ಬೇಶೆನ್ ಕನ್ನಡಕ ತೆಗೆದು ಒರೆಸಿದ. "ಹುಡುಗ ತನ್ನದನ್ನ ತಾನೇ ಬರ್ಕೊಂಡ. ನಿಮ್ಮಲ್ಲೂ ಇಷ್ಟು ಬರೆದ್ರೆ ಮುಗೀತಲ್ಲ ಬೀಗರೇ. ನಾವು ದಿನ ಗೊತ್ತು ಮಾಡ್ತೀವಿ."

"ನನ್ನ ಮಗನ ಪುಟದಲ್ಲಿ ಇನ್ನೊಬ್ಬನ ಹೆಸರೇ?" ಎಂದ ಜುಮಾದಿಲ್. "ಯಾವ ಇನ್ನೊಬ್ಬ? ನಾನು ಬರಿಯಲ್ಲ. ನಾನು ಸತ್ತರೂ ಬರಿಯಲ್ಲ."

ಆಗ ಬಾಗಿಲ ಬಳಿಯಿಂದ ಮಿರ್ಲಾನ್ ಮಾತಾಡಿದ. ಕುಬಾತನನ್ನು ನೋಡಿ, ಅಂಗಡಿಯಲ್ಲಿ ಸಾಮಾನಿನ ಬೆಲೆ ಕೇಳುವವನ ಹಾಗೆ ಸಣ್ಣ ದನಿಯಲ್ಲಿ: "ಅದನ್ನ ಅವರೇ ಬರೀಬೇಕಾ? ಬೇರೆಯೋರೂ ಬರೀಬಹುದಾ?"

"ಯಾರು ಬೇಕಾದ್ರೂ ಬರೀಬಹುದು ಅಣ್ಣ," ಎಂದ ಕುಬಾತ್.

ಜುಮಾದಿಲ್ ಮಗನ ಕಡೆ ತಿರುಗಲೂ ಇಲ್ಲ. ಅಂಗೈಯಿಂದ ಮೇಜನ್ನು ಬಡಿದ, ಬೋಗುಣಿಗಳು ಹಾರಿದವು, ಚಹಾ ಬಟ್ಟೆಯ ಮೇಲೆ ಹರಿಯಿತು. "ಮೇಷ್ಟ್ರೇ! ನಾಳೆಯಿಂದ ಆ ಸೈಟು ಬಂದ್. ಈ ನಾಯಿ ಸಂಘದ ಕೋಣೆಗೆ ಕಾಲಿಡಬಾರದು."

"ಆಯ್ತು ಹಿರಿಯರೇ," ಎಂದರು ಎಸೆನ್‌ಗುಲ್ ಮೇಷ್ಟ್ರು, ಕಿಟಕಿಯಾಚೆ ನೋಡುತ್ತಾ.

ನಾಳೆ ತಾನೇ. ಇವತ್ತು ಇದೆ, ಇವತ್ತು ಸಂಜೆಯೊಳಗೆ ಎಷ್ಟು ಮನೆಗಳಲ್ಲಿ ಎಷ್ಟು ಫೋನುಗಳಲ್ಲಿ ಆ ಪುಟ ತೆರೆಯುತ್ತದೋ ತೆರೆಯಲಿ. ಕುಬಾತ್ ಲ್ಯಾಪ್‌ಟಾಪ್ ಮುಚ್ಚಿದ. ಎದ್ದಾಗ ಕಾಲು ಜೋಮು ಹಿಡಿದಿತ್ತು. ಎಡವಿದರೆ ಮತ್ತೆ ನಗುತ್ತಾರೆ ಎಂದು ಹಲ್ಲು ಕಚ್ಚಿ, ಸಾಲಾಗಿ ಕೂತವರ ಮೊಣಕಾಲುಗಳ ಹಿಂದೆ ನಡೆದು, ಮಿರ್ಲಾನನನ್ನು ದಾಟಿ ಹೊಸ್ತಿಲಲ್ಲಿ ತನ್ನ ಬೂಟು ಹುಡುಕಿದ. ಯಾರದೋ ಬೂಟಿನ ಕೆಳಗೆ ಸಿಕ್ಕಿಬಿದ್ದಿತ್ತು. ಕಿತ್ತುಕೊಂಡು ಹಿಮ್ಮಡಿ ತುಳಿದೇ ಹಾಕಿಕೊಂಡು ಅಂಗಳಕ್ಕಿಳಿದ. ಬೆಟ್ಟದ ಮೇಲೆ ಹೊಸ ಹಿಮ, ಬಿಸಿಲು ಕಣ್ಣಿಗೆ ಚುಚ್ಚಿತು. ಚಹಾ ಕಾಯಿಸುವ ಸಮೋವರದ ಬಳಿ ಹೆಂಗಸರು ಮಾತು ನಿಲ್ಲಿಸಿದರು. ಅವರ ನಡುವೆ ಅತ್ತಿಗೆ ಕೂತಿದ್ದಳು. ಒಳಗಿನ ಮಾತು ಆಗಲೇ ಹೊರಗೆ ಬಂದಿರಬೇಕು, ಯಾಕೆಂದರೆ ಅವಳು ಅವನನ್ನು ನೋಡಲಿಲ್ಲ, ಕೈಯಲ್ಲಿದ್ದ ಪುಳ್ಳೆಗಳನ್ನು ಒಂದಾದ ಮೇಲೊಂದು, ತುಂಬಿದ ಒಲೆಗೇ ತುರುಕುತ್ತಿದ್ದಳು.

"ನಿಲ್ಲೋ!"

ಶರ್ಷೆನ್ ಬೂಟಿಲ್ಲದೆ, ಕಾಲುಚೀಲದಲ್ಲೇ ಅಂಗಳದ ಕೆಸರಿಗೆ ಬಂದಿದ್ದ. ಅವನ ಮುಖ ಕೆಂಪೇರಿ ಉಬ್ಬಿತ್ತು, ಹೊಡೆಯುವವನಂತೆ ಬಂದವನು ಎರಡು ಮಾರು ದೂರದಲ್ಲೇ ನಿಂತುಬಿಟ್ಟ. "ನನ್ನನ್ನ ಒಂದು ಮಾತು ಕೇಳಿದ್ಯೇನೋ? ಎಲ್ಲರೆದುರಿಗೆ, ಬೀಗರೆದುರಿಗೆ! ಅಪ್ಪ ಹೋಗಿ ವರ್ಷ ತುಂಬಿಲ್ಲ. ಸತ್ತೋರ ಕೈಯಿಂದ ಮಗನ್ನ ಕಿತ್ಕೊಂಡ್ಯಲ್ಲೋ. ಅವರಿಗೆ ಯಾರು ಹೇಳ್ತಾರೆ? ನಾನು ಹೇಳ್ಲಾ? ಹೇಳು, ಹೇಳೋ!"

ಅದು ಸರಿಯೇ ಇರಬಹುದು. ಮುದುಕನ ಗಡ್ಡ ಕುತ್ತಿಗೆಗೆ ಚುಚ್ಚಿದಂತಾಯಿತು. ತಂದೆ ಎಂಬ ಕಾಲಂ ಮುಟ್ಟಿಲ್ಲ ಅಣ್ಣ, ಹಾಗೇ ಇದೆ ಎನ್ನಬಹುದಿತ್ತು. ನೀನು ಯಾಕೆ ನಕ್ಕೆ ಎಂದು ಕೇಳಬಹುದಿತ್ತು, ಆ ಪ್ರಶ್ನೆ ನಾಲಿಗೆಯ ಬುಡದವರೆಗೆ ಬಂದಿತ್ತು. ಕುಬಾತ್ ಅವನ ಕಾಲು ನೋಡಿದ. ಬೂದು ಉಣ್ಣೆಯ ಕಾಲುಚೀಲ ಕೆಸರು ಹೀರಿ ಕಪ್ಪಾಗುತ್ತಾ ಬರುತ್ತಿತ್ತು, ಆ ಮನುಷ್ಯನಿಗೆ ಅದರ ಪರಿವೆಯೇ ಇರಲಿಲ್ಲ. ಸಿಟ್ಟೆಲ್ಲ ಮುಗಿದುಹೋಗಿ, ಮುಂದೇನು ಮಾಡಬೇಕೆಂದು ತಿಳಿಯದೆ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ನಿಂತಿದ್ದ. ಒಲೆಯ ಬಳಿ ಪುಳ್ಳೆಯ ಸದ್ದು ನಿಂತಿತು.

"ಹಾಗಾದ್ರೆ," ಎಂದ ಶರ್ಷೆನ್. ದನಿ ಇಳಿದಿತ್ತು, ಅವನದಲ್ಲದಂತಿತ್ತು. "ಇನ್ಮೇಲೆ ನನ್ನನ್ನ ಏನಂತ ಕರೀತೀಯ?"

ಕುಬಾತ್ ಚೀಲವನ್ನು ಹೆಗಲಿಗೇರಿಸಿ, ಬೂಟಿನ ಹಿಮ್ಮಡಿಯನ್ನು ಬೆರಳಿಂದ ಎಳೆದು ಸರಿಮಾಡಿಕೊಂಡು, ಗೇಟು ತೆರೆದು ಬೀದಿಗಿಳಿದ. ಹಿಂದಿನಿಂದ ಗೇಟು ಮುಚ್ಚಿದ ಸದ್ದು ಬರಲಿಲ್ಲ. ಅವನು ನಡೆದ.